ಬದು ದಾಟಿದ ನೂಲು

ಮಳೆ ನಿಂತು ಮೂವತ್ತೊಂದು ದಿನವಾಗಿತ್ತು. ಆದರೂ ಫಕೀರವ್ವ ತಳವಾರಳ ಹೊಲದಲ್ಲಿ ನವಣೆಯ ಎಲೆಗಳು ಆ ಬೆಳಿಗ್ಗೆ ಬಾಡಿರಲಿಲ್ಲ. ವಿಜ್ಞಾನಿ ಡಾಕ್ಟರ್ ಶಮೀಮಾ ನದಾಫ್ ಸಾಲುಗಳ ನಡುವೆ ಮೊಣಕಾಲೂರಿ ಕುಳಿತು, ಪೆನ್ಸಿಲಿನಷ್ಟು ತೆಳ್ಳಗಿನ ಲೋಹದ ಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿದರು. ಕಡ್ಡಿಯ ಮೇಲ್ತುದಿಯ ಪುಟ್ಟ ಪರದೆಯಲ್ಲಿ ಅಂಕಿ ಮೂಡಿತು. ಮಣ್ಣಿನ ತೇವ ನೂರಕ್ಕೆ ಹದಿನಾಲ್ಕು. ಹಿಂದಿನ ಸಂಜೆ ಅದೇ ಜಾಗದಲ್ಲಿ ಹನ್ನೊಂದಿತ್ತು. ಆಕಾಶದಿಂದ ಹನಿ ಬಿದ್ದಿರಲಿಲ್ಲ, ಯಾರೂ ಒಂದು ಕೊಡ ನೀರು ಸುರಿದಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮಣ್ಣು ತಾನಾಗಿಯೇ ನೆನೆದಿತ್ತು.

"ಇವತ್ತೂ ನೀರು ಕೊಟ್ಟಾವ್ರಿ ಅವ್ವಾರ, ನಿಮ್ಮ ಗಿಡ," ಎಂದು ಶಮೀಮಾ ಎದ್ದು ಮೊಣಕಾಲಿನ ಕೆಮ್ಮಣ್ಣು ಒರೆಸಿಕೊಂಡರು.

ಫಕೀರವ್ವ ಸೆರಗು ತಲೆಗೆಳೆದುಕೊಂಡು ಮೇಲೆ ನೋಡಿದಳು. ಹೊಲದ ತುಂಬ ಚದುರಿದಂತೆ ಇಪ್ಪತ್ತಾರು ಕಮರದ ಮರಗಳು ನಿಂತಿದ್ದವು. "ಕೊಡದ ಏನ್ ಮಾಡ್ತಾವ? ಮೂವತ್ತೈದು ವರ್ಷ ಬರೇ ನೆಳ್ಳು ಕೊಟ್ಕೊಂತ ನಿಂತಿದ್ವು. ಈಗ ಒಂದೀಟು ದುಡೀಲಿ," ಎಂದಳು.

ಬದುವಿನ ಆಚೆ ತನ್ನ ಹೊಲದ ಅಂಚಿನಲ್ಲಿ ಉಡಚಪ್ಪ ಹಾದಿಮನಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಐವತ್ತೆಂಟು ವರ್ಷ. ಮುಂಡರಗಿ ಸೀಮೆಯ ಮಸಾರಿಹಾಳದಲ್ಲಿ ಅವನದು ನಾಲ್ಕು ಎಕರೆ ಕೆಂಪು ನೆಲ. ಅದರಲ್ಲಿ ಮುಂಗಾರಿ ಜೋಳ ಸೊಂಟದ ಎತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಹೊತ್ತೇರುವ ಮೊದಲೇ ಅದರ ಎಲೆಗಳು ಸುರುಳಿ ಸುತ್ತಿಕೊಳ್ಳುತ್ತಿದ್ದವು. ಆಚೆ ಹೊಲದ ಹಸಿರು, ಈಚೆ ಹೊಲದ ಬೂದುಬಣ್ಣ, ನಡುವೆ ಎರಡು ಮಾರು ಅಗಲದ ಬಂಡಿದಾರಿ ಮತ್ತು ಅದರ ಪಕ್ಕದ ಬದು.

ಮರದ ನೀರನ್ನು ಪೈರಿಗೆ ಮುಟ್ಟಿಸಲು ಶಮೀಮಾ ಕಂಡುಹಿಡಿದ ವಸ್ತುವಿಗೆ ಪ್ರಯೋಗಾಲಯದಲ್ಲಿ ನಾಲಿಗೆ ಹೊರಳದಂಥ ಹೆಸರಿತ್ತು. ಊರಿನವರು ಅದನ್ನು ನೀರುನೂಲು ಎಂದು ಕರೆದರು. ಈಗ ಶಮೀಮಾ ಕೂಡ ಹಾಗೆಯೇ ಕರೆಯುತ್ತಿದ್ದರು. ಅದರ ಹಿಂದಿನ ತತ್ವ ಹೊಸದಲ್ಲ. ಆಳಕ್ಕೆ ಬೇರಿಳಿಸುವ ಮರಗಳು, ಸೂರ್ಯ ಮುಳುಗಿ ಎಲೆಗಳ ಉಸಿರುರಂಧ್ರ ಮುಚ್ಚಿದ ಮೇಲೂ ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತವೆ. ಎಲೆಗೆ ಆಗ ಬೇಡವಾದ ನೀರು ಮೇಲ್ಪದರದ ಬೇರುಗಳಿಂದ ಒಣಮಣ್ಣಿಗೆ ಸೋರುತ್ತದೆ. ಇದು ಹಿಂದಿನ ಶತಮಾನದ ವಿಜ್ಞಾನಿಗಳಿಗೇ ಗೊತ್ತಿತ್ತು. ಆದರೆ ಸೋರಿದ ನೀರು ಬುಡದ ಸುತ್ತಲೇ ಇಂಗಿಹೋಗುತ್ತಿತ್ತು, ದೂರದ ಪೈರಿಗೆ ಮುಟ್ಟುತ್ತಿರಲಿಲ್ಲ. ಬೇರುಗಳ ಮೇಲೆ ಬದುಕುವ ಒಂದು ಬಗೆಯ ಶಿಲೀಂಧ್ರವನ್ನು, ಅಂದರೆ ಅಣಬೆಯ ಜಾತಿಯದೇ ಒಂದು ಸೂಕ್ಷ್ಮಜೀವಿಯನ್ನು, ಶಮೀಮಾ ಒಂಬತ್ತು ವರ್ಷ ಪಳಗಿಸಿದರು. ಕೂದಲಿಗಿಂತ ತೆಳುವಾದ ಅದರ ಎಳೆಗಳು ಹಗ್ಗದಂತೆ ಹೊಸೆದುಕೊಂಡು, ಹೊರಗೆ ನೀರು ಸೋರದ ಸಿಪ್ಪೆ ಕಟ್ಟಿಕೊಂಡು, ಒಳಗೆ ಟೊಳ್ಳಾದ ಕೊಳವೆಗಳಾಗುತ್ತಿದ್ದವು. ಒಂದು ತುದಿ ಮರದ ಬೇರಿನಲ್ಲಿ, ಇನ್ನೊಂದು ತುದಿ ಪೈರಿನ ಬೇರಿನಲ್ಲಿ. ನೀರು ಸಾಗಿಸಿದ್ದಕ್ಕೆ ಪ್ರತಿಯಾಗಿ ಪೈರು ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ನೂಲಿಗೆ ಉಣ್ಣಿಸುತ್ತಿತ್ತು. ಬಿತ್ತುವಾಗ ಬೀಜಕ್ಕೆ ಈ ಶಿಲೀಂಧ್ರದ ಒಂದು ಹಿಡಿ ಪುಡಿ ಬಳಿದರೆ ಮುಗಿಯಿತು.

ಒಂದೇ ಒಂದು ಕರಾರು. ಎಕರೆಗೆ ಕಡಿಮೆಯೆಂದರೆ ಹತ್ತು ಮರ ಇರಬೇಕು, ಅವುಗಳಿಗೆ ಇಪ್ಪತ್ತೈದು ವರ್ಷ ತುಂಬಿರಬೇಕು. ಮಸಾರಿಹಾಳದ ಇನ್ನೂರು ಹಿಡುವಳಿಗಳಲ್ಲಿ ಈ ಲೆಕ್ಕಕ್ಕೆ ಸಿಕ್ಕವು ಏಳು.

ನಾಲ್ಕು ವರ್ಷದ ಹಿಂದೆ, ಪುಡಿ ಹಂಚಲು ಹೆಸರು ಬರೆಸಿಕೊಂಡ ದಿನ ಉಡಚಪ್ಪನೂ ಸಾಲಿನಲ್ಲಿ ನಿಂತಿದ್ದ. "ನಿಮ್ಮ ಹೊಲದಾಗ ಗಿಡ ಎಷ್ಟದಾವ್ರಿ?" ಎಂದು ಶಮೀಮಾ ಕೇಳಿದ್ದರು. "ಇಲ್ರಿ," ಎಂದಿದ್ದ. "ಒಂದೂ?" ಎಂದು ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಾಗ ಹಿಂದೆ ನಿಂತವರು ಯಾರೋ ನಕ್ಕಿದ್ದರು. ಆ ನಗು ಅವನ ಕಿವಿಯಲ್ಲಿ ಎಷ್ಟೋ ದಿನ ಉಳಿದಿತ್ತು.

ಮರಗಳು ಇರಲಿಲ್ಲವೆಂದಲ್ಲ. ಅವನ ಅಜ್ಜ ಹಚ್ಚಿದ ಐದು ಕಮರ, ಮೂರು ಬೇವು, ಒಂದು ಹುಣಸೆ ಇದೇ ಬದುವಿನುದ್ದಕ್ಕೂ ಇದ್ದವು. ಇಪ್ಪತ್ತಮೂರು ವರ್ಷದ ಹಿಂದೆ ಊರಿಗೆ ಚಾಲಕನಿಲ್ಲದ ಟ್ರ್ಯಾಕ್ಟರುಗಳು ಬಂದವು. ಉಪಗ್ರಹದ ಸೂಚನೆಯಂತೆ ಗೆರೆ ಹೊಡೆದ ಹಾಗೆ ನೇರ ಉಳುವ ಆ ಯಂತ್ರ, ಮರ ಅಡ್ಡ ಬಂದಲ್ಲೆಲ್ಲ ನಿಂತು ಕೀಚಲು ದನಿಯಲ್ಲಿ ಕೂಗುತ್ತಿತ್ತು. ಉಡಚಪ್ಪ ಎಲ್ಲರಂತೆ ಯೋಚಿಸಿದ. ಮಣ್ಣು ಅಗೆಯುವ ಯಂತ್ರ ಅರ್ಧ ದಿನದಲ್ಲಿ ಒಂಬತ್ತು ಮರಗಳನ್ನೂ ಬುಡಸಮೇತ ಕಿತ್ತುಹಾಕಿತು. ಅವತ್ತು ಫಕೀರವ್ವ ಬಂದು ನಿಂತು ನೋಡಿ, "ಅವುಗಳ ನೆಳ್ಳು ಮಧ್ಯಾಹ್ನಕ್ಕ ನನ್ನ ಹೊಲಕ್ಕೂ ಬೀಳ್ತಿತ್ತು, ಉಡಚಪ್ಪ," ಎಂದಷ್ಟೇ ಹೇಳಿ ಹೋಗಿದ್ದಳು. ಹದಿನೆಂಟು ಸಾಲು ಹೆಚ್ಚಿಗೆ ಬಿತ್ತನೆಯಾಯಿತು. ಆರು ವರ್ಷ ಬೆಳೆಯೂ ಚೆನ್ನಾಗಿಯೇ ಬಂತು. ಆಮೇಲೆ ಮಳೆಯ ನಡುವಿನ ಬಿಡುವುಗಳು ವರ್ಷದಿಂದ ವರ್ಷಕ್ಕೆ ಉದ್ದವಾಗತೊಡಗಿದವು.

ಎರಡು ದಿನ ಕಳೆದು, ನಡುಹಗಲಿನಲ್ಲಿ ಅವನ ಹೆಂಡತಿ ಶಾವಂತ್ರವ್ವ ಬುತ್ತಿ ತಂದಳು. ಬದುವಿನ ಹತ್ತಿರ ಬಂದವಳು ಹಾಗೇ ನಿಂತಳು.

"ಏನ್ರೀ, ಇತ್ತಾಗ ಬರ್ರಿ. ಈ ಜ್ವಾಳ ನೋಡಿರೇನು?"

ಉಡಚಪ್ಪ ಬಂದು ನೋಡಿದ. ಬದುವಿನಿಂದ ಸುಮಾರು ನಲವತ್ತು ಹೆಜ್ಜೆಯವರೆಗೆ, ಮೊನ್ನೆ ಸುರುಳಿ ಸುತ್ತಿದ್ದ ಜೋಳದ ಎಲೆಗಳೇ ಬಿಚ್ಚಿಕೊಂಡು ನಿಂತಿದ್ದವು. ಅದರಾಚೆಗೆ ಎಲ್ಲವೂ ಸುರುಳಿ. ಅವನು ಬಾಗಿ, ಬೆರಳಿನಿಂದ ಮಣ್ಣು ಕೆದರಿದ. ಒಂದು ಗೇಣು ಕೆಳಗೆ ಮಣ್ಣು ತಣ್ಣಗಿತ್ತು. ಉಂಡೆ ಮಾಡಿದರೆ ಒಡೆಯಲಿಲ್ಲ. ಉಂಡೆಯೊಳಗೆ ಬಿಳಿಯ ಎಳೆಯೊಂದು ಹಾದುಹೋಗಿತ್ತು.

ಶಾವಂತ್ರವ್ವ ಬದುವಿನ ಆಚೆ ಫಕೀರವ್ವನ ಮರಗಳ ಕಡೆ ನೋಡಿದಳು.

"ಅಕಿ ಗಿಡದ ನೀರು ಇದು," ಎಂದಳು ಶಾವಂತ್ರವ್ವ.

"ನಾವೇನು ತಂದು ಹಾಕಿಲ್ಲಲ್ಲ. ತಾನ ಬಂದೈತಿ."

"ತಾನ ಬಂದಿದ್ದು ಖರೆ. ಮೇಡಮ್ಮಾರಿಗೆ ಒಂದು ಮಾತು ಹೇಳೂದು ಬ್ಯಾಡೇನು?"

"ಹೇಳೂಣಂತ," ಎಂದ ಉಡಚಪ್ಪ. ಕೈಯಲ್ಲಿದ್ದ ಉಂಡೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಮೇಲೆ ಒಣಮಣ್ಣು ಸರಿಸಿದ.

ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅವನು ಕೆಟ್ಟವನಲ್ಲ, ಆದರೆ ಎಷ್ಟೋ ವರ್ಷಗಳ ಮೇಲೆ ತನ್ನ ಹೊಲ ಯಾರ ಹೊಲಕ್ಕೂ ಕಡಿಮೆಯಿಲ್ಲದಂತೆ ನಿಂತಿತ್ತು. ಬೆಳಿಗ್ಗೆ ಎದ್ದವನೇ ಹೋಗಿ ಹಸಿರಿನ ಅಂಚು ಎಲ್ಲಿಗೆ ಮುಟ್ಟಿದೆ ಎಂದು ನೋಡುತ್ತಿದ್ದ. ಅಂಚು ದಿನಕ್ಕೆ ಎರಡು ಹೆಜ್ಜೆ ಮುಂದೆ ಸರಿಯುತ್ತಿತ್ತು. ಅವನು ಗುರುತಿಗೆ ಒಂದು ಕಲ್ಲಿಡುತ್ತಿದ್ದ, ಮರುದಿನ ಆ ಕಲ್ಲು ಹಸಿರಿನೊಳಗೆ ಸೇರಿರುತ್ತಿತ್ತು. ಶಮೀಮಾ ದಾರಿಯಲ್ಲಿ ಸಿಕ್ಕಾಗ "ಹೆಂಗೈತ್ರಿ ಜ್ವಾಳ?" ಎಂದು ಕೇಳಿದರೆ, "ಹಂಗ ಐತ್ರಿ," ಎಂದು ಹೇಳಿ ಬೇರೆ ಕಡೆ ನೋಡುತ್ತಿದ್ದ. ಬಂಡಿದಾರಿಯಿಂದ ಬರುವವರಿಗೆ ಹಸಿರು ಕಾಣದಿರಲೆಂದು ಬದುವಿನ ಮೇಲೆ ಬೆಳೆದ ಹುಲ್ಲನ್ನು ಆ ವರ್ಷ ಕೊಯ್ಯಲೇ ಇಲ್ಲ.

ಮಳೆ ನಿಂತ ನಲವತ್ತೈದನೆಯ ದಿನ ಫಕೀರವ್ವನ ಮರಗಳು ಎಲೆ ಉದುರಿಸತೊಡಗಿದವು.

ಕಮರ ಮಾಘ ಕಳೆದ ಮೇಲೆ ಎಲೆ ಬಿಡುವ ಮರ. ಶ್ರಾವಣದಲ್ಲಿ ಅದರ ಬುಡದಲ್ಲಿ ಹಳದಿ ಎಲೆ ಬಿದ್ದಿದ್ದನ್ನು ಫಕೀರವ್ವ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಶಮೀಮಾ ಓಡಿಬಂದರು. ಪ್ರತಿ ಮರದ ಕಾಂಡಕ್ಕೂ ಅವರು ಒಂದು ಉಕ್ಕಿನ ಪಟ್ಟಿ ಕಟ್ಟಿದ್ದರು. ಮರ ಹಗಲು ನೀರು ಕಳೆದುಕೊಂಡಾಗ ಕಾಂಡ ಕೂದಲೆಳೆಯಷ್ಟು ಕುಗ್ಗುತ್ತದೆ, ಇರುಳು ನೀರೆಳೆದುಕೊಂಡು ಮತ್ತೆ ಹಿಗ್ಗುತ್ತದೆ. ಆ ಏರಿಳಿತವನ್ನು ಪಟ್ಟಿ ಅಳೆಯುತ್ತಿತ್ತು. ಹತ್ತು ದಿನದಿಂದ ಮರಗಳು ಕುಗ್ಗುತ್ತಿದ್ದವೇ ಹೊರತು ಪೂರ್ತಿ ಹಿಗ್ಗುತ್ತಿರಲಿಲ್ಲ.

ಆ ಸಂಜೆ ಪಂಚಾಯಿತಿ ಕಟ್ಟೆಯ ಮೇಲೆ ನೂಲು ಬಿತ್ತಿದ ಏಳು ಮನೆಯವರನ್ನು ಕೂರಿಸಿಕೊಂಡು ಶಮೀಮಾ ಮಾತಾಡಿದರು. ಉಡಚಪ್ಪ ಕಂಬದ ಮರೆಯಲ್ಲಿ ನಿಂತಿದ್ದ.

"ನನ್ನ ಲೆಕ್ಕ ತಪ್ಪಿತ್ರಿ," ಎಂದರು ಅವರು. ದನಿ ಎಂದಿನಂತೆ ಇರಲಿಲ್ಲ. "ಎರಡು ಎಕರೆ ನವಣಿಗೆ ಇಪ್ಪತ್ತಾರು ಗಿಡ ಆರಾಮ ಸಾಕು ಅಂತ ತಿಳ್ಕೊಂಡಿದ್ದೆ. ಸಾಲವಲ್ವು. ನೂಲು ಗಿಡದ ಜೀವಾನ ಹೀರಾಕತ್ತೈತಿ. ಬರೋ ವರ್ಷ ಹನ್ನೆರಡು ಊರಿಗೆ ಈ ಪುಡಿ ಹೋಗೂದಿತ್ತು. ಅದನ್ನ ನಿಲ್ಲಸ್ರಿ ಅಂತ ನಾಳೆ ಬರದು ಕಳಸ್ತೀನಿ. ನೀವೂ ಇನ್ನ ಮುಂದ ಬಿತ್ತಬ್ಯಾಡ್ರಿ."

"ನಾನ ದಟ್ಟ ಬಿತ್ತೀನೇನೋ," ಎಂದಳು ಫಕೀರವ್ವ. "ಆಶಾ ಮಾಡಿದೆ. ತಪ್ಪು ನಂದರ ಇರಬೇಕು."

"ಇಲ್ರಿ ಅವ್ವಾರ. ನಿಮ್ಮ ತಪ್ಪಲ್ಲ."

ಉಡಚಪ್ಪ ಮನೆಗೆ ಬಂದು ಊಟಕ್ಕೆ ಕೂತ. ರೊಟ್ಟಿ ಮುರಿದ, ತಿನ್ನಲಿಲ್ಲ. ಶಾವಂತ್ರವ್ವ ಉಳಿದ ರೊಟ್ಟಿ ಮುಚ್ಚಿಟ್ಟಳು. ಮರ ಕಿತ್ತ ದಿನ ತಾನು ಕಳೆದುಕೊಂಡದ್ದು ತನ್ನದನ್ನು ಮಾತ್ರ. ಈಗ ಸುಮ್ಮನಿದ್ದರೆ ಹನ್ನೆರಡು ಊರಿನ ಪೈರು, ಒಬ್ಬ ಹೆಣ್ಣುಮಗಳ ಒಂಬತ್ತು ವರ್ಷ, ಇನ್ನೊಬ್ಬಳ ಇಪ್ಪತ್ತಾರು ಮರ. ಇಷ್ಟೆಲ್ಲ ಒಂದು ಹುಲ್ಲಿನ ಮರೆಯಲ್ಲಿ ನಿಂತಿತ್ತು.

ಬೆಳಿಗ್ಗೆ ಅವನು ಶಮೀಮಾ ಇಳಿದುಕೊಂಡಿದ್ದ ಶಾಲೆಯ ಕೋಣೆಗೆ ಹೋದ. ಅವರು ಆಗಲೇ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು.

"ಅದನ್ನ ಈಗ ಕಳಸಬ್ಯಾಡ್ರಿ," ಎಂದ ಉಡಚಪ್ಪ. "ಮದಲ ನನ್ನ ಹೊಲಕ್ಕ ಬರ್ರಿ."

ದಾರಿಯಲ್ಲಿ ಫಕೀರವ್ವನನ್ನೂ ಕರೆದ. ಬದುವಿನ ಹುಲ್ಲು ಸರಿಸಿ ಒಳಗೆ ಕಾಲಿಟ್ಟಾಗ ಇಬ್ಬರು ಹೆಂಗಸರೂ ಅಲ್ಲೇ ನಿಂತರು. ಎಪ್ಪತ್ತು ಹೆಜ್ಜೆಯವರೆಗೆ ಜೋಳ ಆಳೆತ್ತರ ನಿಂತಿತ್ತು. ಸುಳಿಯಲ್ಲಿ ತೆನೆ ಹೊಟ್ಟೆ ಕಟ್ಟಿತ್ತು, ಇನ್ನು ನಾಲ್ಕು ದಿನದಲ್ಲಿ ಹೊರಬರುವಂತಿತ್ತು. ಉಡಚಪ್ಪ ಸಲಿಕೆ ತೆಗೆದುಕೊಂಡು ಒಂದು ಮೊಳ ಅಗೆದ. ಗುಂಡಿಯ ಗೋಡೆಯಲ್ಲಿ ಬಿಳಿಯ ಎಳೆಗಳು ಸಾಲುಸಾಲಾಗಿ ಕಾಣಿಸಿಕೊಂಡವು, ನೇಯುವುದಕ್ಕೆ ಹಾಸು ಹಾಕಿದಂತೆ.

"ಹದಿನಾಕು ದಿನಾ ಆತ್ರಿ ನನಗ ಗೊತ್ತಾಗಿ," ಎಂದ. "ಹೇಳಲಿಲ್ಲ. ತಪ್ಪು ನಂದು."

ಶಮೀಮಾ ಗುಂಡಿಯೊಳಗೆ ಇಳಿದು, ಎಳೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತ ಅದು ಎಲ್ಲಿಂದ ಬಂದಿದೆ ಎಂದು ಹಿಂಬಾಲಿಸಿದರು. ಸಿಟ್ಟು ಬಂದದ್ದು ಫಕೀರವ್ವನಿಗೆ.

"ಹದಿನಾಕು ದಿನಾ ಸುಮ್ಮನಿದ್ದೆಪಾ? ನಿನ್ನೆ ಕಟ್ಟಿ ಮ್ಯಾಲೆ ಎಲ್ಲಾರ ಮುಂದ ನಂದ ತಪ್ಪು ಅಂತ ನಾ ಹೇಳಾಗ ಕಂಬಕ್ಕ ಆತು ನಿಂತಿದ್ದೆಲ್ಲ, ಬಾಯಿ ಬಿದ್ದಿತ್ತೇನು? ನಿನ್ನ ಗಿಡಾ ಕೀಳಾಗೂ ನಾ ನೋಡಿದೆ. ಈಗ ನನ್ನ ಗಿಡಾ ಒಣಗೂದನ್ನ ನೀ ನೋಡ್ಕೊಂತ ಕುಂತಿಯಲ್ಲೋ!"

ಅವನು ತಲೆ ತಗ್ಗಿಸಿ ನಿಂತ.

ಗುಂಡಿಯೊಳಗಿಂದ ಶಮೀಮಾ ಕರೆದರು. "ಉಡಚಪ್ಪಾರ, ಇಲ್ಲಿ ಗಿಡ ಇದ್ವೇನ್ರಿ? ದೊಡ್ಡ ಗಿಡ?"

"ಇದ್ವರಿ. ಒಂಬತ್ತು. ಕಿತ್ತು ಇಪ್ಪತ್ತಮೂರು ವರ್ಷಾತು."

"ಮ್ಯಾಲಿಂದ ಕಿತ್ತೀರಿ. ಕೆಳಗಿನ ಬೇರು ಹಂಗ ಇದ್ವು. ಅವು ಕೊಳತು ಹೋಗಿ ಸುರಂಗ ಆಗ್ಯಾವ. ನೋಡ್ರಿಲ್ಲಿ." ಮಣ್ಣಿನ ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು, ಅದರ ತುಂಬ ಬಿಳಿಯ ನೂಲಿನ ಹುರಿ. "ಬಂಡಿದಾರಿ ಕೆಳಗ ಮಣ್ಣು ಬಿಗಿ ಇರ್ತೈತಿ, ನೂಲು ದಾಟೂದಿಲ್ಲ ಅಂತ ನನ್ನ ಲೆಕ್ಕ. ಆದರ ನಿಮ್ಮಜ್ಜನ ಕಮರದ ಬೇರು ದಾರಿ ಕೆಳಗಿಂದ ಆಚಿ ಹೊಲಕ್ಕ ಹೋಗಿತ್ತು. ನೂಲು ಅದರಾಗ ನಡಕೊಂತ ಈಚಿಗೆ ಬಂದೈತಿ." ಅವರು ಎದ್ದು ನಿಂತರು, ಮುಖದ ಮೇಲೆ ಮಣ್ಣಿತ್ತು, ಕಣ್ಣಲ್ಲಿ ಬೆಳಕಿತ್ತು. "ಗಿಡಗೋಳು ಸೋತಿಲ್ರಿ. ಎರಡು ಎಕರೆಗೆ ನೀರು ಕೊಡಾಕ ಬಿಟ್ಟಿದ್ವಿ ನಾವು, ಅವು ಮೂರೂಕಾಲು ಎಕರೆಗೆ ಕೊಡಾಕತ್ತಾವ. ಅದಕ್ಕ ದಣದಾವ."

"ಈಗ ಏನ್ ಮಾಡಬೇಕ್ರಿ?" ಎಂದು ಉಡಚಪ್ಪ ಕೇಳಿದ. ಉತ್ತರ ಅವನಿಗೆ ಗೊತ್ತಿತ್ತು.

"ಕಡೀಬೇಕು. ಬದುವಿನುದ್ದಕ್ಕೂ ಮೂರಡಿ ಆಳ ತಗ್ಗು ತಗದು ನೂಲು ಹರೀಬೇಕು. ಇನ್ನೊಂದು ವಾರ ಹಿಂಗ ಬಿಟ್ರ ಗಿಡ ಉಳಿಯೂದಿಲ್ಲ." ಅವರು ಜೋಳದ ಕಡೆ ನೋಡಿ, ದನಿ ಇಳಿಸಿದರು. "ನಿಮ್ಮ ಬೆಳಿ ಹೋಗ್ತೈತ್ರಿ."

ಉಡಚಪ್ಪ ಹೊಟ್ಟೆ ಕಟ್ಟಿದ ಒಂದು ಸುಳಿಯನ್ನು ಮುಟ್ಟಿ ನೋಡಿದ. ಬೆರಳಿನ ಕೆಳಗೆ ಒಳಗಿನ ತೆನೆ ಗಟ್ಟಿಯಾಗಿ ತಗುಲಿತು.

"ನಾನ ತಗೀತೀನಿ," ಎಂದ.

ಯಂತ್ರ ತರಿಸಲು ಆಗುವಂತಿರಲಿಲ್ಲ. ಯಂತ್ರದ ಹಲ್ಲಿಗೆ ನೂಲು ಯಾವುದು, ಮರದ ಜೀವಂತ ಬೇರು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಹೀಗಾಗಿ ಗುದ್ದಲಿ, ಸಲಿಕೆ, ಮತ್ತು ಬೇರು ಸಿಕ್ಕಲ್ಲಿ ಕಳೆ ಕೀಳುವ ಕುರ್ಚಿಗೆ. ಮರುದಿನ ಗಂಡ ಹೆಂಡತಿ ಇಬ್ಬರೂ ಹೊತ್ತು ಹುಟ್ಟುವಾಗ ಶುರುಮಾಡಿದರು. ಶಮೀಮಾ ಮುಂದೆ ಮುಂದೆ ನಡೆದು ಎಲ್ಲಿ ಅಗೆಯಬೇಕು ಎಂದು ಸುಣ್ಣದ ಗೆರೆ ಹಾಕಿದರು. ಸ್ವಲ್ಪ ಹೊತ್ತಿಗೆ ಅವರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎತ್ತತೊಡಗಿದರು.

ಉಡಚಪ್ಪನಿಗೆ ಕೆಲಸದ ಶ್ರಮ ಗೊತ್ತಾಗಲಿಲ್ಲ. ನೂಲು ಹರಿಯುವಾಗ ಮಾತ್ರ ಪ್ರತಿ ಸಲವೂ ಕೈ ತಡೆಯಿತು. ಹುರಿಯ ಮೇಲೆ ಕುರ್ಚಿಗೆಯ ಅಲಗು ಬಿದ್ದಾಗ ಯಾವ ಸದ್ದೂ ಆಗುತ್ತಿರಲಿಲ್ಲ. ಆದರೆ ಮರದ ಕಡೆಯ ತುದಿಯಲ್ಲಿ ಒಂದು ಹನಿ ಮೂಡಿ, ದುಂಡಗಾಗಿ, ಕೆಳಗೆ ಬೀಳದೆ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿತ್ತು. ಆಮೇಲೆ ಇನ್ನೊಂದು. ಐವತ್ತು ಅಡಿ ಕೆಳಗಿನ ಬಂಡೆಯ ಸಂದಿನಿಂದ ಏರಿಬಂದ ನೀರು. ಒಮ್ಮೆ ಅವನು ಅದನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಒಗರಾಗಿತ್ತು, ತಂಪಾಗಿತ್ತು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬದುವಿನ ತೆಂಕಣ ಮೂಲೆ ಮಾತ್ರ ಉಳಿದಿತ್ತು. ಎರಡು ದಿನವೂ ಆಚೆಗೇ ಇದ್ದ ಫಕೀರವ್ವ ಅಲ್ಲಿ ಬಂದು ನಿಂತಳು.

"ಅಲ್ಲಿ ಬಿಡು," ಎಂದಳು.

ಉಡಚಪ್ಪ ಗುದ್ದಲಿ ನಿಲ್ಲಿಸಿದ. "ಯಾಕ?"

"ಆ ಮೂಲಿ ಗಿಡದ ಕೆಳಗ ನನ್ನ ಆಡು ಕಟ್ತೀನಿ. ಅಲ್ಲಿ ನಾ ಏನೂ ಬಿತ್ತಿಲ್ಲ. ಅದರ ನೀರು ನನಗ ಬೇಕಾಗಿಲ್ಲ." ಅವಳು ಶಮೀಮಾ ಕಡೆ ತಿರುಗಿದಳು. "ಹೌದಲ್ರಿ ಮೇಡಂ? ಒಂದು ಗಿಡ ಎಷ್ಟು ಹೊರ್ತೈತಿ?"

ಶಮೀಮಾ ಕಾಂಡದ ಪಟ್ಟಿಯನ್ನು ನೋಡಿದರು, ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಈ ಗಿಡ ಅಷ್ಟೇನು ಸೊರಗಿಲ್ಲ. ನಾಕು ಗುಂಟೆ ಹೊರಬಹುದು. ಅದಕ್ಕಿಂತ ಹೆಚ್ಚು ಬ್ಯಾಡ."

"ಹಂಗಾರ ನಾಕು ಗುಂಟೆ ಇವನ ಬೀಜಕ್ಕ ಆಗ್ಲಿ," ಎಂದಳು ಫಕೀರವ್ವ. ಉಡಚಪ್ಪ ಏನೋ ಹೇಳಲು ಬಾಯಿ ತೆರೆದದ್ದನ್ನು ನೋಡಿ, "ನೀ ಏನೂ ಹೇಳಬ್ಯಾಡ. ನನ್ನ ಸಿಟ್ಟು ಇನ್ನ ಇಳದಿಲ್ಲ," ಎಂದು ಆಡುಗಳ ಕಡೆ ನಡೆದಳು.

ನೂಲು ಕಡಿದ ನಾಲ್ಕನೆಯ ದಿನಕ್ಕೆ ಉಡಚಪ್ಪನ ಜೋಳ ಮತ್ತೆ ಸುರುಳಿ ಸುತ್ತಿತು, ಎಂಟನೆಯ ದಿನಕ್ಕೆ ಬಿಳಿಚಿತು. ಅವನು ಅದನ್ನು ಕೊಯ್ದು ಮೇವಿಗೆ ಒಟ್ಟಿದ. ತೆಂಕಣ ಮೂಲೆಯಲ್ಲಿ ನಾಲ್ಕು ಗುಂಟೆ ಮಾತ್ರ ಉಳಿಯಿತು. ಅಲ್ಲಿ ತೆನೆ ಹೊರಬಂದು ಹಾಲು ಕಟ್ಟಿತು. ಬದುವಿನ ಆಚೆ ಕಾಂಡದ ಪಟ್ಟಿಗಳು ಮೊದಲು ನಿಂತಲ್ಲೇ ನಿಂತವು, ಆಮೇಲೆ ನಿಧಾನವಾಗಿ ಹಿಗ್ಗತೊಡಗಿದವು. ಎಲೆ ಉದುರುವುದು ನಿಂತಿತು. ಎರಡು ಮರಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ. ಐವತ್ತೆಂಟನೆಯ ದಿನ, ನಡುಹಗಲಿನಲ್ಲಿ, ಮೂಡಣದಿಂದ ಮೋಡ ಬಂದು ಒಂದೇ ಸಮನೆ ಎರಡು ತಾಸು ಮಳೆ ಸುರಿಯಿತು. ಮಸಾರಿಹಾಳದ ಜನ ಅಂಗಳದಲ್ಲಿ ನಿಂತು ನೆನೆದರು.

ಶಮೀಮಾ ಪುಡಿ ನಿಲ್ಲಿಸಿ ಎಂದು ಬರೆದಿದ್ದ ಕಾಗದವನ್ನು ಹರಿದುಹಾಕಿ ಬೇರೆಯದನ್ನು ಬರೆದರು. ಹನ್ನೆರಡು ಊರಿಗೆ ಪುಡಿ ಹೋಗುವುದೆಂದು ತೀರ್ಮಾನವಾಯಿತು. ಆದರೆ ಇನ್ನು ಮುಂದೆ ಒಬ್ಬೊಬ್ಬರ ಹೊಲ ನೋಡಿ ಕೊಡುವುದಲ್ಲ, ಬದುವಿಗೆ ಬದು ಹತ್ತಿದ ಹೊಲಗಳನ್ನೆಲ್ಲ ಒಟ್ಟಿಗೆ ಅಳೆಯಬೇಕು, ನೆರೆಯವರು ಕೂತು ಮಾತಾಡಿ ಒಪ್ಪಬೇಕು ಎಂಬ ನಿಯಮ ಸೇರಿತು. ನೆಲದ ಕೆಳಗೆ ಯಾರ ಹೊಲ ಎಲ್ಲಿ ಮುಗಿಯುತ್ತದೆಂದು ನೂಲಿಗೆ ತಿಳಿಯದು ಎಂಬುದನ್ನು ಅವರು ವರದಿಯಲ್ಲಿ ಸರಳವಾಗಿಯೇ ಬರೆದರು. ಅದನ್ನು ಕಂಡುಹಿಡಿದವರು ಯಾರೆಂಬಲ್ಲಿ ಉಡಚಪ್ಪನ ಹೆಸರು ಹಾಕಿದರು. ಅವನು ಬೇಡವೆಂದ, ಅವರು ತೆಗೆಯಲಿಲ್ಲ.

ಭೂಮಿಯ ಹದ ಆರುವ ಮೊದಲು, ಅಕ್ಟೋಬರಿನ ಮೊದಲ ವಾರ, ಉಡಚಪ್ಪ ಹೊಲದಲ್ಲಿ ನಲವತ್ತು ಗುಂಡಿ ತೋಡಿ ಕಮರದ ಸಸಿ ನೆಟ್ಟ. ಟ್ರ್ಯಾಕ್ಟರು ನೇರ ಹೋಗಲಾಗದಂತೆ, ಬೇಕೆಂದೇ ಅಲ್ಲೊಂದು ಇಲ್ಲೊಂದು. ಕೊನೆಯ ಸಸಿಗೆ ಮಣ್ಣು ಒತ್ತುವ ಹೊತ್ತಿಗೆ ಶಮೀಮಾ ಬಂದರು. ಫಕೀರವ್ವ ಆಡಿನ ಹಾಲಿನ ಚಹಾ ಕಾಸಿ ತಂದಳು. ಮೂವರೂ ತೆಂಕಣ ಮೂಲೆಯ ಮರದ ನೆರಳಿನಲ್ಲಿ ಕೂತರು. ಬದುವಿನ ತಗ್ಗು ಮಳೆಗೆ ಅರ್ಧ ತುಂಬಿಕೊಂಡಿತ್ತು.

"ನೂಲು ಬೆಳಸಾಕ ನಿಮಗ ಎಷ್ಟು ದಿನ ಬೇಕ್ರಿ?" ಎಂದು ಉಡಚಪ್ಪ ಕೇಳಿದ.

"ಹದಿನೈದು ದಿನ. ದೊಡ್ಡ ಪೀಪಾಯಿದಾಗ ಬೆಳಸ್ತೀವಿ. ಇಡೀ ರಾಜ್ಯಕ್ಕ ಸಾಕಾಗುವಷ್ಟು ಬೇಕಾದ್ರೂ ಮಾಡಬಹುದು."

"ಇವುಕ್ಕ?" ಎಂದು ಅವನು ಗೇಣುದ್ದದ ಸಸಿಯನ್ನು ತೋರಿಸಿದ. "ಬೇಗ ಬೇರು ಇಳಿಯೂಹಂಗ ಏನರ ಮದ್ದು ಕಂಡುಹಿಡೀಲಿಲ್ಲೇನ್ರಿ?"

ಶಮೀಮಾ ಚಹಾದ ಲೋಟ ಕೆಳಗಿಟ್ಟರು. "ಇಲ್ರಿ. ಬಂಡೆಗಲ್ಲು ಸೀಳಿ ಐವತ್ತು ಅಡಿ ಹೋಗಾಕ ಅದಕ್ಕ ಇಪ್ಪತ್ತೈದು ವರ್ಷ ಬೇಕ. ಆ ಇಪ್ಪತ್ತೈದು ವರ್ಷಾನ ಯಾವ ಪ್ರಯೋಗಾಲಯದಾಗೂ ಮಾಡಾಕ ಬರೂದಿಲ್ಲ."

ಉಡಚಪ್ಪ ಲೆಕ್ಕ ಹಾಕಿದ. ಆಗ ತನಗೆ ಎಂಬತ್ತಮೂರು.

ಶಮೀಮಾ ಚೀಲದಿಂದ ತೆಳುವಾದ ಪರದೆಯೊಂದನ್ನು ತೆಗೆದು ಬಿಡಿಸಿದರು. ಆಕಾಶದಿಂದ ತೆಗೆದ ಜಿಲ್ಲೆಯ ನಕ್ಷೆ. ಉದ್ದಕ್ಕೂ ಕಪ್ಪು, ನಡುನಡುವೆ ಕೆಲವು ಬೆಳಕಿನ ಚುಕ್ಕಿ. "ನೂಲು ಎಲ್ಲೆಲ್ಲಿ ಕೆಲಸ ಮಾಡ್ತೈತಿ ಅಂತ ಇದು. ಕಪ್ಪ ಇದ್ದಲ್ಲಿ ನಾ ಎಷ್ಟು ಪುಡಿ ಕೊಟ್ರೂ ಉಪಯೋಗಿಲ್ಲ. ಈ ಬೆಳಕಿನ ಚುಕ್ಕಿ ಎಲ್ಲ, ಯಾವಾಗೋ ಯಾರೋ ಒಬ್ಬರು ಗಿಡ ಹಚ್ಚಿದ್ದ ಜಾಗ." ಅವರು ಒಂದು ಚುಕ್ಕಿಯ ಮೇಲೆ ಬೆರಳಿಟ್ಟರು. "ಇದು ನಿಮ್ಮ ಹೊಲ, ಅವ್ವಾರ. ಅಲ್ಲಾ, ನಿಮಗ ಆವಾಗ ಯಾರು ಹೇಳಿದ್ರು ಹಚ್ಚಂತ?"

"ಯಾರು ಹೇಳ್ತಾರವ್ವ?" ಎಂದು ಫಕೀರವ್ವ ನಕ್ಕಳು. "ಒಂದು ಲಾರಿ ತುಂಬ ಸಸಿ ಬಂದಿದ್ವು. ಬೇಕಾದವರು ಒಯ್ರಿ ಅಂತ ಪಂಚಾಯತಿ ಗ್ವಾಡಿಗೆ ಇಳಿಸಿ ಹೋದ್ರು. ಆಡಿಗೆ ಸೊಪ್ಪಾದೀತು ಅಂತ ನಾ ಮೂವತ್ತು ಹೊತ್ಕೊಂಡು ಬಂದೆ. ನಾಕು ಸತ್ತು, ಇಪ್ಪತ್ತಾರು ಉಳದ್ವು. ನೀರು ಗೀರು ಏನೂ ಗೊತ್ತಿರಲಿಲ್ಲ ನನಗ."

"ಉಳಿದ ಸಸಿ ಯಾರು ಒಯ್ದ್ರು?"

ಫಕೀರವ್ವ ನೆನಪಿಸಿಕೊಳ್ಳಲು ಹುಬ್ಬು ಗಂಟಿಕ್ಕಿದಳು. ಉತ್ತರ ಕೊಟ್ಟವನು ಉಡಚಪ್ಪ.

"ಯಾರೂ ಒಯ್ಯಲಿಲ್ರಿ. ನನಗ ನೆನಪೈತಿ."

ಅವನಿಗೆ ಆಗ ಇಪ್ಪತ್ತಮೂರು. ಹೊಸ ಮೋಟರ್ ಸೈಕಲ್ಲು ಕೊಂಡಿದ್ದ. ಪಂಚಾಯಿತಿ ಗೋಡೆಯ ನೆರಳಿನಲ್ಲಿ ಗಾಡಿ ನಿಲ್ಲಿಸಿ ಗೆಳೆಯರ ಜೊತೆ ಹರಟೆ ಹೊಡೆಯುವುದು ದಿನದ ರೂಢಿ. ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಗಳು ಅಡ್ಡ ಇದ್ದುದರಿಂದ ಗಾಡಿಗೆ ಜಾಗ ಸಾಲುತ್ತಿರಲಿಲ್ಲ. ಅವನು ದಿನವೂ ಕಾಲಿನಿಂದ ಒಂದಿಷ್ಟು ಚೀಲಗಳನ್ನು ಆಚೆ ಸರಿಸಿ ಗಾಡಿ ನಿಲ್ಲಿಸುತ್ತಿದ್ದ. ಐದುನೂರು ಇದ್ದಿರಬಹುದು. ಅದು ಎರಡು ಸಾವಿರದ ಇಪ್ಪತ್ತಾರನೆಯ ಇಸವಿಯ ಜೂನ್ ತಿಂಗಳು. ಆ ಸಸಿಗಳು ಸುಮಾರು ನಾಲ್ಕು ವಾರ ಅಲ್ಲೇ ಹಸಿರಾಗಿ ನಿಂತಿದ್ದವು. ಯಾರು ಬೇಕಾದರೂ ಒಯ್ಯಬಹುದಿತ್ತು.